ಡಿಕೆಎಗೆ ಇನ್ಸುಲಿನ್: ಡ್ರಿಪ್ ಬೇಕಾ, ಇಂಜೆಕ್ಷನ್ ಸಾಕಾ?

ಡಿಕೆಎ ಅಂದರೆ ಡಯಾಬಿಟಿಕ್ ಕೀಟೋಆಸಿಡೋಸಿಸ್, ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗುವ ತುರ್ತು ಸ್ಥಿತಿ. ಕಾಯಿಲೆ ಒಂದೇ, ಚಿಕಿತ್ಸೆ ಎರಡು ಥರ. ಒಂದು ಆಸ್ಪತ್ರೆಯಲ್ಲಿ ಐಸಿಯು, ಸಿರಿಂಜ್ ಪಂಪ್, ರಕ್ತನಾಳಕ್ಕೆ ಇನ್ಸುಲಿನ್ ಡ್ರಿಪ್. ಇನ್ನೊಂದರಲ್ಲಿ ವಾರ್ಡಿನ ಹಾಸಿಗೆಯಲ್ಲೇ ಎರಡು ಗಂಟೆಗೊಮ್ಮೆ ಹೊಟ್ಟೆಯ ಚರ್ಮದಡಿ ಇಂಜೆಕ್ಷನ್. ಮನೆಯವರಿಗೆ ಅನುಮಾನ ಬರುವುದು ಸಹಜ. ಬಿಲ್ ಜಾಸ್ತಿ ಮಾಡಲು ಐಸಿಯುಗೆ ಹಾಕಿದರಾ? ಅಥವಾ ವಾರ್ಡಿನಲ್ಲಿಟ್ಟು ಸುಮ್ನೆ ಕಾಲ ತಳ್ಳುತ್ತಿದ್ದಾರಾ? ಬಹಳ ಸಲ ಎರಡೂ ಅಲ್ಲ. ರೋಗಿಯ ಸ್ಥಿತಿ ಬೇರೆ, ಆಸ್ಪತ್ರೆಯ ಅನುಕೂಲ ಬೇರೆ, ಅದಕ್ಕೆ ತಕ್ಕಂತೆ ದಾರಿಯೂ ಬೇರೆ.

ಸಣ್ಣ ಆಸ್ಪತ್ರೆಗಳ ಡ್ಯೂಟಿ ಡಾಕ್ಟರು, ಸಿಸ್ಟರುಗಳು, ಮತ್ತು ಮನೆಯಲ್ಲಿ ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳನ್ನು ಸಾಕುತ್ತಿರುವ ತಂದೆತಾಯಿ, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಇಲ್ಲಿರುವ ಡೋಸ್‌ಗಳು ಆಸ್ಪತ್ರೆಯೊಳಗಿನವು. ಮನೆಯಲ್ಲಿ ಡಿಕೆಎಗೆ ಚಿಕಿತ್ಸೆ ಇಲ್ಲ. ವಾಂತಿ ನಿಲ್ಲುತ್ತಿಲ್ಲ, ಉಸಿರು ಆಳವಾಗಿ ಜೋರಾಗಿ ಬರುತ್ತಿದೆ, ಮಂಪರು ಹಿಡಿದಿದೆ ಅಂದರೆ 108ಕ್ಕೆ ಫೋನ್ ಮಾಡಬೇಕು, ಅಷ್ಟೇ.

ಶುಗರ್ ಅಲ್ಲ, ಆಮ್ಲ

ಆಯ್ಕೆಗೆ ಹೋಗುವ ಮೊದಲು ಒಂದು ವಿಷಯ ಖಚಿತವಾಗಬೇಕು. ಡಿಕೆಎಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಶುಗರ್ ಅಲ್ಲ. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸುತ್ತದೆ, ಅದರಿಂದ ಕೀಟೋನ್ ಅನ್ನುವ ಆಮ್ಲೀಯ ವಸ್ತು ಹುಟ್ಟುತ್ತದೆ, ರಕ್ತ ಆಮ್ಲವಾಗುತ್ತದೆ. ಜೊತೆಗೆ ಮೂತ್ರದಲ್ಲಿ ಲೀಟರುಗಟ್ಟಲೆ ನೀರು, ಸೋಡಿಯಂ, ಪೊಟ್ಯಾಸಿಯಂ ಹೋಗಿಬಿಡುತ್ತದೆ. ಇನ್ಸುಲಿನ್ ಕೊಡುವುದು ಈ ಕೊಬ್ಬು ಕರಗುವುದನ್ನು ನಿಲ್ಲಿಸಲು. ಶುಗರ್ ಇಳಿಯುವುದು ಅದರ ಜೊತೆಗೆ ಸಿಗುವ ಲಾಭ.

2024ರಲ್ಲಿ ಅಮೆರಿಕ, ಯುರೋಪ್ ಮತ್ತು ಬ್ರಿಟನ್‌ನ ಡಯಾಬಿಟಿಸ್ ಸಂಘಟನೆಗಳು ಸೇರಿ ಹೊಸ ಮಾರ್ಗಸೂಚಿ ತಂದವು. ಅದರ ಪ್ರಕಾರ ಡಿಕೆಎ ಅನ್ನಲು ಮೂರು ಬೇಕು. ಶುಗರ್ 200 ದಾಟಿರಬೇಕು, ಅಥವಾ ಮೊದಲೇ ಸಕ್ಕರೆ ಕಾಯಿಲೆ ಇರಬೇಕು. ರಕ್ತದ ಕೀಟೋನ್ 3 ಅಥವಾ ಹೆಚ್ಚು, ಇಲ್ಲವೇ ಮೂತ್ರದಲ್ಲಿ 2 ಪ್ಲಸ್ ಇರಬೇಕು. ಪಿಎಚ್ (ರಕ್ತದ ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 7.3ಕ್ಕಿಂತ ಕಡಿಮೆ ಅಥವಾ ಬೈಕಾರ್ಬನೇಟ್ (ರಕ್ತದಲ್ಲಿ ಆಮ್ಲವನ್ನು ತಗ್ಗಿಸುವ ವಸ್ತು) 18ಕ್ಕಿಂತ ಕಡಿಮೆ ಇರಬೇಕು. ಮುಂಚೆ ಶುಗರ್ 250 ದಾಟಲೇಬೇಕು ಅನ್ನುತ್ತಿದ್ದರು. ಈಗ ಆ ಗೆರೆ ಸಡಿಲವಾಗಿದೆ, ಕಾರಣ ಆಮೇಲೆ ಬರುತ್ತದೆ.

ತೀವ್ರತೆಯ ಲೆಕ್ಕ ಹೀಗಿದೆ. ಪಿಎಚ್ 7.25ಕ್ಕಿಂತ ಮೇಲಿದ್ದು ಬೈಕಾರ್ಬನೇಟ್ 15ರಿಂದ 18ರ ನಡುವೆ ಇದ್ದರೆ ಸೌಮ್ಯ. ಪಿಎಚ್ 7.0ರಿಂದ 7.25, ಬೈಕಾರ್ಬನೇಟ್ 10ರಿಂದ 15 ಆದರೆ ಮಧ್ಯಮ. ಅದಕ್ಕೂ ಕೆಳಗಿಳಿದರೆ ತೀವ್ರ. ಅಂಕಿಯ ಜೊತೆಗೆ ರೋಗಿಯ ಮುಖ ನೋಡಿ ಮಾತಾಡಿಸಿ. ಕರೆದರೆ ಸರಿಯಾಗಿ ಉತ್ತರ ಕೊಡುತ್ತಾರಾ, ಮಂಪರಿದೆಯಾ ಅನ್ನುವುದು ಲ್ಯಾಬ್ ರಿಪೋರ್ಟ್‌ಗಿಂತ ಮೊದಲೇ ಗೊತ್ತಾಗುತ್ತದೆ.

ಇನ್ಸುಲಿನ್‌ಗಿಂತ ಮೊದಲು ಎರಡು ಕೆಲಸ

ಮೊದಲನೆಯದು ಸಲೈನ್. ದೊಡ್ಡವರಿಗೆ ಮೊದಲ 2ರಿಂದ 4 ಗಂಟೆ, ಗಂಟೆಗೆ 500ರಿಂದ 1000 ಮಿಲಿ ಕೊಡುವುದು ವಾಡಿಕೆ. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ನೋಡಿಕೊಂಡು ಕಡಿಮೆ ಮಾಡುತ್ತಾರೆ. ಸಲೈನ್ ಒಂದರಿಂದಲೇ ಶುಗರ್ ಗಮನಾರ್ಹವಾಗಿ ಇಳಿಯುತ್ತದೆ.

ಎರಡನೆಯದು ಪೊಟ್ಯಾಸಿಯಂ. ನನ್ನ ಪ್ರಕಾರ ಯಾವ ದಾರಿಯಲ್ಲಿ ಇನ್ಸುಲಿನ್ ಕೊಡಬೇಕು ಅನ್ನುವ ಚರ್ಚೆಗಿಂತ ಇದು ದೊಡ್ಡದು. ದೇಹದಲ್ಲಿ ಒಟ್ಟು ಪೊಟ್ಯಾಸಿಯಂ ಖಾಲಿಯಾಗಿದ್ದರೂ ರಕ್ತದಲ್ಲಿ ಮೊದಲಿಗೆ ಸರಿಯಾಗಿಯೇ ಕಾಣಬಹುದು. ಇನ್ಸುಲಿನ್ ಒಳಗೆ ಹೋದ ಕೂಡಲೇ ಅದು ಜೀವಕೋಶದೊಳಗೆ ನುಗ್ಗುತ್ತದೆ, ರಕ್ತದಲ್ಲಿ ಧಡಕ್ಕನೆ ಇಳಿಯುತ್ತದೆ. ಹೃದಯದ ಬಡಿತ ತಪ್ಪುವುದು ಆಗ. ಹಾಗಾಗಿ ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿದ್ದರೆ ಇನ್ಸುಲಿನ್ ತಡೆದು ಮೊದಲು ಅದನ್ನು ತುಂಬಬೇಕು. 3.5ರಿಂದ 5ರ ನಡುವೆ ಇದ್ದರೆ ಪ್ರತಿ ಲೀಟರ್ ಸಲೈನ್‌ಗೆ 10ರಿಂದ 20 ಮಿಲಿಮೋಲ್ ಸೇರಿಸುತ್ತಾ ಇನ್ಸುಲಿನ್ ಕೊಡಬಹುದು. 5 ದಾಟಿದ್ದರೆ ಪೊಟ್ಯಾಸಿಯಂ ಸೇರಿಸದೆ ಎರಡು ಗಂಟೆಗೊಮ್ಮೆ ನೋಡುತ್ತಿರಬೇಕು. ಮೂತ್ರ ಬರುತ್ತಿದೆಯಾ ಅಂತಲೂ ಗಮನಿಸಬೇಕು. ನಮ್ಮಲ್ಲಿ ಸಿಗುವ 10 ಮಿಲಿಯ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ನಲ್ಲಿ ಸಾಮಾನ್ಯವಾಗಿ 20 ಮಿಲಿಮೋಲ್ ಇರುತ್ತದೆ. ಅದನ್ನು ಸಲೈನ್‌ನಲ್ಲಿ ಬೆರೆಸಿಯೇ ಕೊಡಬೇಕು. ನೇರವಾಗಿ ನಾಳಕ್ಕೆ ತಳ್ಳಿದರೆ ಹೃದಯ ನಿಂತುಹೋಗುತ್ತದೆ.

ನಿಮ್ಮ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಪೊಟ್ಯಾಸಿಯಂ ಪರೀಕ್ಷೆ ಆಗುವುದಿಲ್ಲ ಅಂದರೆ ಡ್ರಿಪ್ಪೋ ಇಂಜೆಕ್ಷನ್ನೋ ಅನ್ನುವ ಪ್ರಶ್ನೆಯೇ ಅಲ್ಲಿ ಏಳಬಾರದು. ಸಲೈನ್ ಹಾಕಿ, ಇಸಿಜಿ ತೆಗೆದು, ಪರೀಕ್ಷೆ ಇರುವ ಕಡೆಗೆ ಕಳಿಸುವುದೇ ಸರಿ.

ರಕ್ತನಾಳದ ಡ್ರಿಪ್

ಇಲ್ಲಿ ಬಳಸುವುದು ನಮ್ಮ ಸಿಸ್ಟರುಗಳು ‘ಪ್ಲೇನ್ ಇನ್ಸುಲಿನ್’ ಅನ್ನುವ ರೆಗ್ಯುಲರ್ ಇನ್ಸುಲಿನ್. ಆಕ್ಟ್ರಾಪಿಡ್, ಹ್ಯೂಮಿನ್ಸುಲಿನ್ ಆರ್, ಬೆಂಗಳೂರಿನ ಬಯೋಕಾನ್‌ನ ಇನ್ಸುಜೆನ್ ಆರ್, ಎಲ್ಲ ಈ ಗುಂಪಿಗೆ ಸೇರಿದವು. ಡೋಸ್ ಗಂಟೆಗೆ, ಪ್ರತಿ ಕೆಜಿ ತೂಕಕ್ಕೆ 0.1 ಯುನಿಟ್. 50 ಕೆಜಿಯವರಿಗೆ ಗಂಟೆಗೆ 5 ಯುನಿಟ್.

ಇದರ ದೊಡ್ಡ ಗುಣ ಹಿಡಿತ. ನಾಳಕ್ಕೆ ಕೊಟ್ಟ ರೆಗ್ಯುಲರ್ ಇನ್ಸುಲಿನ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ. ನಲ್ಲಿ ತಿರುಗಿಸಿದ ಹಾಗೆ, ಹೆಚ್ಚು ಮಾಡಿದರೆ ಹೆಚ್ಚು, ನಿಲ್ಲಿಸಿದರೆ ನಿಲ್ಲುತ್ತದೆ. ಬಿಪಿ ಬಿದ್ದವರು, ಮಂಪರಿನಲ್ಲಿರುವವರು, ಪಿಎಚ್ 7.0ಕ್ಕಿಂತ ಕೆಳಗಿರುವವರು, ಗರ್ಭಿಣಿಯರು, ಹೃದಯಾಘಾತವೋ ದೊಡ್ಡ ಸೋಂಕೋ ಜೊತೆಗಿರುವವರು, ಇವರಿಗೆ ಡ್ರಿಪ್ ಬಿಟ್ಟು ಬೇರೆ ಯೋಚನೆ ಬೇಡ.

ಆದರೆ ಅದೇ ಗುಣ ತೊಂದರೆಯೂ ಹೌದು. ಕ್ಯಾನುಲಾ ಕಿತ್ತುಬಂದರೆ, ಪಂಪ್ ಬ್ಯಾಟರಿ ಹೋದರೆ, ಸ್ಕ್ಯಾನ್‌ಗೆ ಕರೆದೊಯ್ಯುವಾಗ ಯಾರೋ ಲೈನ್ ಬಿಚ್ಚಿಟ್ಟರೆ, ಹತ್ತಿಪ್ಪತ್ತು ನಿಮಿಷದಲ್ಲೇ ರೋಗಿಯ ರಕ್ತದಲ್ಲಿ ಇನ್ಸುಲಿನ್ ಇಲ್ಲದಂತಾಗುತ್ತದೆ, ಕೀಟೋನ್ ಮತ್ತೆ ಏರತೊಡಗುತ್ತದೆ. ಡ್ರಿಪ್ ಹಾಕಿದ್ದೇವೆ ಅನ್ನುವುದಷ್ಟೇ ಸಾಲದು, ಅದು ಹೋಗುತ್ತಿದೆಯಾ ಅಂತ ನೋಡುವವರು ಬೇಕು.

ತಯಾರಿಸುವಾಗ ತಪ್ಪಾಗುವ ಜಾಗ ಒಂದಿದೆ. ನಮ್ಮ ದೇಶದಲ್ಲಿ ಪ್ರತಿ ಮಿಲಿಗೆ 40 ಯುನಿಟ್ ಇರುವ ವಯಲ್ ಇನ್ನೂ ಸಾಮಾನ್ಯ, 100 ಯುನಿಟ್‌ನದ್ದೂ ಇದೆ. 50 ಮಿಲಿ ಸಲೈನ್‌ಗೆ 50 ಯುನಿಟ್ ಬೆರೆಸಬೇಕು ಅಂದರೆ 40ರ ವಯಲ್‌ನಿಂದ 1.25 ಮಿಲಿ, 100ರ ವಯಲ್‌ನಿಂದ 0.5 ಮಿಲಿ. ಸಿರಿಂಜೂ ಹಾಗೆಯೇ: 40ಕ್ಕೆ ಕೆಂಪು ಮುಚ್ಚಳದ್ದು, 100ಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರು. ಇನ್ನು, ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಮೊದಲ 20 ಮಿಲಿಯಷ್ಟನ್ನು ಟ್ಯೂಬಿನಲ್ಲಿ ಹರಿಸಿ ಚೆಲ್ಲಿ ಆಮೇಲೆ ರೋಗಿಗೆ ಜೋಡಿಸುತ್ತಾರೆ.

ಪಂಪ್ ಇಲ್ಲದ ಕಡೆ ಮೈಕ್ರೊಡ್ರಿಪ್ ಸೆಟ್‌ನಲ್ಲೂ ಮಾಡಬಹುದು. 500 ಮಿಲಿ ಸಲೈನ್‌ಗೆ 50 ಯುನಿಟ್ ಹಾಕಿದರೆ ಪ್ರತಿ ಮಿಲಿಗೆ 0.1 ಯುನಿಟ್. ಮೈಕ್ರೊಡ್ರಿಪ್‌ನಲ್ಲಿ 60 ಹನಿಗೆ 1 ಮಿಲಿ ಆದ್ದರಿಂದ ನಿಮಿಷಕ್ಕೆ 50 ಹನಿ ಅಂದರೆ ಗಂಟೆಗೆ 50 ಮಿಲಿ, ಅಂದರೆ 5 ಯುನಿಟ್. ಕಾಗದದ ಮೇಲೆ ಚೆನ್ನಾಗಿದೆ. ರೋಗಿ ಕೈ ಮಡಚಿದರೆ ಹನಿ ನಿಂತಿತು, ನೀಡಿದರೆ ಓಡಿತು. ಹಾಸಿಗೆ ಪಕ್ಕದಲ್ಲೇ ಯಾರಾದರೂ ಇರುವುದಾದರೆ ಮಾತ್ರ ಇದನ್ನು ನಂಬಬಹುದು. ಇಲ್ಲದಿದ್ದರೆ ಸೌಮ್ಯ ಡಿಕೆಎಗೆ ಇದಕ್ಕಿಂತ ಚರ್ಮದಡಿ ಇಂಜೆಕ್ಷನ್ನೇ ಮೇಲು.

ಡ್ರಿಪ್‌ಗೆ ಮೊದಲು ಒಂದು ಬೋಲಸ್ (ಒಂದೇ ಸಲಕ್ಕೆ ನಾಳಕ್ಕೆ ಕೊಡುವ ಡೋಸ್) ಬೇಕಾ ಅನ್ನುವ ವಾದ ಹಳೆಯದು. 2008ರ ಒಂದು ಅಧ್ಯಯನದಲ್ಲಿ ಗಂಟೆಗೆ ಪ್ರತಿ ಕೆಜಿಗೆ 0.14 ಯುನಿಟ್ ಕೊಟ್ಟರೆ ಬೋಲಸ್ ಇಲ್ಲದೆಯೂ ನಡೆಯುತ್ತದೆ ಅಂತ ತೋರಿಸಿದರು. ಬ್ರಿಟನ್ನಿನವರು ಬೋಲಸ್ ಇಲ್ಲದೆ 0.1ರಲ್ಲೇ ಶುರು ಮಾಡುತ್ತಾರೆ. ಡ್ರಿಪ್ ಜೋಡಿಸಲು ತಡವಾಗುತ್ತದೆ ಅಂದರೆ ಪ್ರತಿ ಕೆಜಿಗೆ 0.1 ಯುನಿಟ್‌ನ ಬೋಲಸ್ ಕೊಡಬಹುದು, ಅದು ದೊಡ್ಡವರಿಗೆ ಮಾತ್ರ.

ಚರ್ಮದಡಿ ಇಂಜೆಕ್ಷನ್

ಇಲ್ಲಿ ಪ್ಲೇನ್ ಅಲ್ಲ, ವೇಗದ ಅನಲಾಗ್ (ಬೇಗ ಕೆಲಸ ಮಾಡುವಂತೆ ಮಾರ್ಪಡಿಸಿದ) ಇನ್ಸುಲಿನ್ ಬೇಕು: ಲಿಸ್‌ಪ್ರೊ, ಆಸ್ಪಾರ್ಟ್ ಥರದ್ದು. ಹ್ಯೂಮಲಾಗ್, ನೊವೊರಾಪಿಡ್ ಹೆಸರುಗಳು ಗೊತ್ತಿರುತ್ತವೆ ಅಲ್ವಾ, ಅವೇ. ಇವು 10ರಿಂದ 15 ನಿಮಿಷದಲ್ಲಿ ಕೆಲಸ ಶುರು ಮಾಡುತ್ತವೆ. ಪ್ಲೇನ್ ಇನ್ಸುಲಿನ್ ಚರ್ಮದಡಿ ಕೊಟ್ಟರೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು, ಆಮೇಲೆ 6ರಿಂದ 8 ಗಂಟೆ ಎಳೆಯುತ್ತದೆ.

ಡೋಸ್: ಮೊದಲು ಪ್ರತಿ ಕೆಜಿಗೆ 0.1 ಯುನಿಟ್. ಆಮೇಲೆ ಗಂಟೆಗೊಮ್ಮೆ 0.1, ಅಥವಾ ಎರಡು ಗಂಟೆಗೊಮ್ಮೆ 0.2. ಈಗ ಲೆಕ್ಕ ನೋಡಿ. 50 ಕೆಜಿಯವರಿಗೆ ಎರಡು ಗಂಟೆಗೊಮ್ಮೆ 10 ಯುನಿಟ್. ಡ್ರಿಪ್‌ನಲ್ಲೂ ಎರಡು ಗಂಟೆಗೆ ಹೋಗುವುದು ಅದೇ 10 ಯುನಿಟ್. ‘ಡ್ರಿಪ್ ಪವರ್‌ಫುಲ್, ಇಂಜೆಕ್ಷನ್ ವೀಕ್’ ಅನ್ನುವ ಮಾತಿಗೆ ಆಧಾರವಿಲ್ಲ.

2004ರಲ್ಲಿ ಅಮೆರಿಕದಲ್ಲಿ 40 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧ ಮಂದಿಗೆ ಐಸಿಯುನಲ್ಲಿ ರೆಗ್ಯುಲರ್ ಡ್ರಿಪ್, ಉಳಿದವರಿಗೆ ಗಂಟೆಗೊಮ್ಮೆ ಲಿಸ್‌ಪ್ರೊ ಇಂಜೆಕ್ಷನ್. ಡಿಕೆಎ ಇಳಿಯಲು ಹಿಡಿದ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಐಸಿಯು ಇಲ್ಲದೆ ನೋಡಿಕೊಂಡವರ ಖರ್ಚು ಮಾತ್ರ ಸಾಕಷ್ಟು ಕಡಿಮೆ ಬಂತು. ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2016ರ ಪರಿಶೀಲನೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ, ಎರಡರಲ್ಲಿ ಒಂದು ಮೇಲು ಅನ್ನಲು ಪುರಾವೆ ಸಾಲದು ಅಂದಿತು. ಅಧ್ಯಯನಗಳು ಚಿಕ್ಕವು ಅನ್ನುವುದನ್ನು ಮರೆಯಬಾರದು. ಅವುಗಳಲ್ಲಿ ಇದ್ದವರು ಸೌಮ್ಯ ಅಥವಾ ಮಧ್ಯಮ ಡಿಕೆಎಯವರು ಅನ್ನುವುದನ್ನಂತೂ ಮರೆಯಲೇಬಾರದು.

ಮಿತಿ ಎಲ್ಲಿ? ಚರ್ಮದಲ್ಲಿ ರಕ್ತ ಹರಿಯುತ್ತಿದ್ದರೆ ತಾನೇ ಅಲ್ಲಿಂದ ಇನ್ಸುಲಿನ್ ಒಳಗೆ ಹೋಗುವುದು? ಕೈಕಾಲು ತಣ್ಣಗಾಗಿ ಬಿಪಿ ಬಿದ್ದವರಲ್ಲಿ ಚುಚ್ಚಿದ ಔಷಧಿ ಅಲ್ಲೇ ಕೂತಿರುತ್ತದೆ. ‘ಕೆಲಸ ಮಾಡಲಿಲ್ಲ’ ಅಂತ ಇನ್ನೊಂದು ಕೊಡುತ್ತಾರೆ, ಮತ್ತೊಂದು ಕೊಡುತ್ತಾರೆ. ಸಲೈನ್ ಹೋಗಿ ರಕ್ತ ಸಂಚಾರ ಸರಿಯಾದ ಮೇಲೆ ಮೂರೂ ಒಟ್ಟಿಗೆ ಒಳಗೆ ಹೋಗಿ ಶುಗರ್ ಪಾತಾಳಕ್ಕೆ ಇಳಿಯುತ್ತದೆ. ಕಿಡ್ನಿ ತೊಂದರೆ ಇರುವವರಲ್ಲೂ ಡೋಸ್ ಮೇಲೆ ಡೋಸ್ ಸೇರಿಕೊಳ್ಳುವ ಭಯ ಇದೆ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಾರ್ಡಿನಲ್ಲಿ ಇಂಜೆಕ್ಷನ್ ಅಂದರೆ ಕೆಲಸ ಕಡಿಮೆ ಅಂತಲ್ಲ. ಗ್ಲುಕೋಮೀಟರ್‌ನಲ್ಲಿ ಗಂಟೆಗೊಮ್ಮೆ ಶುಗರ್, ಎರಡರಿಂದ ನಾಲ್ಕು ಗಂಟೆಗೊಮ್ಮೆ ಪೊಟ್ಯಾಸಿಯಂ, ಇದು ಎರಡೂ ದಾರಿಗೆ ಒಂದೇ. ರಾತ್ರಿ ಮೂವತ್ತು ಹಾಸಿಗೆಗೆ ಒಬ್ಬರೇ ಸಿಸ್ಟರ್ ಇರುವ ವಾರ್ಡಿನಲ್ಲಿ ಇದು ನಡೆಯದು. ಅಂಥ ಕಡೆ ಸೌಮ್ಯ ಡಿಕೆಎಯನ್ನೂ ಐಸಿಯುಗೆ ಹಾಕಿದರೆ ನಾನು ತಪ್ಪು ಅನ್ನುವುದಿಲ್ಲ. ಅಲ್ಲಿ ದುಡ್ಡು ಕೊಡುವುದು ಪಂಪ್‌ಗಲ್ಲ, ಪಕ್ಕದಲ್ಲಿ ಕಣ್ಣಿಟ್ಟು ಕೂರುವ ಸಿಸ್ಟರ್‌ಗೆ.

ಅನಲಾಗ್ ಇಲ್ಲ, ಪ್ಲೇನ್ ಮಾತ್ರ ಇದೆ, ಡ್ರಿಪ್‌ಗೂ ದಾರಿಯಿಲ್ಲ ಅನ್ನುವ ಜಾಗಗಳಿಗೂ ಒಂದು ಉಪಾಯವಿದೆ. ಮಕ್ಕಳ ಡಯಾಬಿಟಿಸ್ ತಜ್ಞರ ಅಂತರರಾಷ್ಟ್ರೀಯ ಸಂಘದ ಮಾರ್ಗಸೂಚಿಯಲ್ಲಿ, ಸೌಮ್ಯ ಡಿಕೆಎಗೆ ಪ್ಲೇನ್ ಇನ್ಸುಲಿನ್ನನ್ನೇ ಚರ್ಮದಡಿ ನಾಲ್ಕು ಗಂಟೆಗೊಮ್ಮೆ, ಪ್ರತಿ ಕೆಜಿಗೆ 0.13ರಿಂದ 0.17 ಯುನಿಟ್ ಕೊಡುವ ಕ್ರಮ ಇದೆ.

ಸ್ನಾಯುವಿಗೆ ಕೊಡುವುದು

ಒಂದು ಕಾಲದಲ್ಲಿ ಡಿಕೆಎಗೆ ನೂರಾರು ಯುನಿಟ್ ಇನ್ಸುಲಿನ್ ಸುರಿಯುತ್ತಿದ್ದರು. 1973ರಲ್ಲಿ ಬ್ರಿಟನ್ನಿನ ಆಲ್ಬರ್ಟಿ ಮತ್ತು ಜೊತೆಗಾರರು ಸ್ನಾಯುವಿಗೆ ಸಣ್ಣ ಡೋಸ್ ಕೊಟ್ಟರೂ ಸಾಕು ಅಂತ ತೋರಿಸಿದರು. ಇವತ್ತಿನ ಕಡಿಮೆ ಡೋಸ್ ಪದ್ಧತಿಗೆ ಅದು ದೊಡ್ಡ ತಿರುವು. ಈಗ ಆ ದಾರಿಯನ್ನು ಹೆಚ್ಚು ಬಳಸುವುದಿಲ್ಲ. ಗಂಟೆಗೊಮ್ಮೆ ಚುಚ್ಚಿದರೆ ನೋವು, ನೀರಿಲ್ಲದೆ ಒಣಗಿದ ದೇಹದಲ್ಲಿ ಹೀರಿಕೊಳ್ಳುವುದೂ ಅಷ್ಟಕ್ಕಷ್ಟೇ. ನಾಳವೇ ಸಿಗದ, ಪಂಪ್ ಇಲ್ಲದ, ದೂರದ ಊರಿಗೆ ಕಳಿಸಬೇಕಾದ ಹೊತ್ತಿಗೆ ಮಾತ್ರ ನೆನಪಿಟ್ಟುಕೊಳ್ಳಬಹುದು.

ಜೊತೆಗೆ ಒಂದು ದೀರ್ಘ ಇನ್ಸುಲಿನ್

ಗ್ಲಾರ್ಜಿನ್ ಥರದ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಡಿಕೆಎ ಇಳಿಸುವ ಅಸ್ತ್ರ ಅಲ್ಲ. ಆದರೆ ಡ್ರಿಪ್ ಅಥವಾ ಇಂಜೆಕ್ಷನ್ ಜೊತೆಗೆ ಮೊದಲಿನಿಂದಲೇ ಕೊಟ್ಟರೆ ಡ್ರಿಪ್ ನಿಲ್ಲಿಸಿದಾಗ ಶುಗರ್ ಮತ್ತೆ ಹಾರುವುದು ಕಡಿಮೆಯಾಗುತ್ತದೆ. ರೋಗಿ ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ದೀರ್ಘ ಇನ್ಸುಲಿನ್ನನ್ನು ನಿಲ್ಲಿಸದೆ ಮುಂದುವರಿಸಿ ಅಂತ ಬ್ರಿಟನ್ ಮಾರ್ಗಸೂಚಿ ಹೇಳುತ್ತದೆ. ನನಗೂ ಅದೇ ಸರಿ ಅನಿಸುತ್ತದೆ. ‘ಅಡ್ಮಿಟ್ ಆಗಿದ್ದಾರೆ, ಮನೆಯ ಔಷಧಿ ಎಲ್ಲ ಬಂದ್’ ಅಂತ ಕೇಸ್‌ಶೀಟ್‌ನಲ್ಲಿ ಒಂದೇ ಗೆರೆ ಎಳೆಯುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಮನೆಯ ಫ್ರಿಜ್‌ನಲ್ಲಿರುವ 30/70 ಮಿಕ್ಸ್ ಇನ್ಸುಲಿನ್ ಈ ಹೋಲಿಕೆಯಲ್ಲಿ ಸ್ಪರ್ಧಿಯೇ ಅಲ್ಲ. ಹಾಲಿನಂತೆ ಬಿಳಿ ಇರುವ ಯಾವ ಇನ್ಸುಲಿನ್ನನ್ನೂ ನಾಳಕ್ಕೆ ಕೊಡಬಾರದು. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿದ್ದರೂ ಅದನ್ನೂ ನಾಳಕ್ಕೆ ಕೊಡಬಾರದು. ಇನ್ಸುಲಿನ್ ಪಂಪ್ ಹಾಕಿಕೊಂಡವರಿಗೆ ಡಿಕೆಎ ಆದರೆ ಪಂಪ್ ಕೈಕೊಟ್ಟಿದೆ ಅಂತಲೇ ತಿಳಿದು, ಅದನ್ನು ಬದಿಗಿಟ್ಟು ಸಿರಿಂಜ್ ಅಥವಾ ಪೆನ್ ಹಿಡಿಯಬೇಕು.

ಲೆಕ್ಕ ಬದಲಾಗುವ ರೋಗಿಗಳು

ಮಕ್ಕಳಿಗೆ ಬೋಲಸ್ ಇಲ್ಲ. ಸಲೈನ್ ಶುರುವಾಗಿ ಕನಿಷ್ಠ ಒಂದು ಗಂಟೆಯಾದ ಮೇಲೆ ಇನ್ಸುಲಿನ್, ಅದೂ ಗಂಟೆಗೆ ಪ್ರತಿ ಕೆಜಿಗೆ 0.05ರಿಂದ 0.1. ಡಿಕೆಎ ಆದ ಮಕ್ಕಳಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಮಂದಿಗೆ ಮೆದುಳು ಊದಿಕೊಳ್ಳುತ್ತದೆ, ಆದರೆ ಹಾಗಾದಾಗ ಅದು ಬಹಳ ಕೆಟ್ಟದ್ದು. ತಲೆನೋವು, ಹೊಸದಾಗಿ ಮಂಪರು, ನಾಡಿ ನಿಧಾನವಾಗುವುದು ಕಂಡರೆ ಕಾಯಬಾರದು. ಮಧ್ಯಮ, ತೀವ್ರ ಡಿಕೆಎಯ ಮಗುವನ್ನು ಮಕ್ಕಳ ಐಸಿಯು ಇರುವಲ್ಲಿಗೇ ಕಳಿಸಬೇಕು.

ಇನ್ನೊಂದು ಗುಂಪು ಈಚೆಗೆ ಬೆಳೆಯುತ್ತಿದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರು. ಡಪಾಗ್ಲಿಫ್ಲೋಜಿನ್ ಪೇಟೆಂಟ್ 2020ರಲ್ಲಿ ಮುಗಿದ ಮೇಲೆ ನಮ್ಮಲ್ಲಿ ಅಗ್ಗವಾಗಿ ಸಿಗುತ್ತಿದೆ. ಒಳ್ಳೆಯ ಮಾತ್ರೆಗಳೇ. ಆದರೆ ಉಪವಾಸ, ಆಪರೇಷನ್, ವಾಂತಿಭೇದಿ ಸಮಯದಲ್ಲಿ ಶುಗರ್ 180 ಇದ್ದರೂ ಡಿಕೆಎ ಆಗಬಹುದು. ಮಾರ್ಗಸೂಚಿಯಲ್ಲಿ ಶುಗರ್‌ನ ಗೆರೆ ಸಡಿಲವಾಗಲು ಇದೂ ಒಂದು ಕಾರಣ. ಇವರಿಗೆ ಡ್ರಿಪ್ಪೋ ಇಂಜೆಕ್ಷನ್ನೋ ಅನ್ನುವುದಕ್ಕಿಂತ ಮುಖ್ಯವಾದದ್ದು, ಇನ್ಸುಲಿನ್ ಜೊತೆ ಮೊದಲಿನಿಂದಲೇ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್ ಓಡಬೇಕು ಅನ್ನುವುದು. ‘ಶುಗರ್ ನಾರ್ಮಲ್ ಇದೆ, ಇನ್ಸುಲಿನ್ ಯಾಕೆ’ ಅಂತ ಮನೆಯವರು ಕೇಳುತ್ತಾರೆ. ಇನ್ಸುಲಿನ್ ಕೀಟೋನ್‌ಗೆ, ಡೆಕ್ಸ್‌ಟ್ರೋಸ್ ಶುಗರ್ ಬೀಳದಿರಲು, ಅಂತ ಬಿಡಿಸಿ ಹೇಳಬೇಕು.

ಒಂದು ಉದಾಹರಣೆ ಇಟ್ಟು ನೋಡೋಣ

22 ವರ್ಷದ ಹುಡುಗ, 50 ಕೆಜಿ. ಹಾಸ್ಟೆಲ್‌ನಲ್ಲಿ ಎರಡು ದಿನ ಇನ್ಸುಲಿನ್ ತಪ್ಪಿಸಿದ್ದಾನೆ ಅಂದುಕೊಳ್ಳಿ. ಪಿಎಚ್ 7.26, ಬೈಕಾರ್ಬನೇಟ್ 15, ಪೊಟ್ಯಾಸಿಯಂ 4.4, ಬಿಪಿ ಸರಿಯಿದೆ, ಚೆನ್ನಾಗಿ ಮಾತಾಡುತ್ತಾನೆ. ಗಂಟೆಗೊಮ್ಮೆ ನೋಡುವ ಸಿಸ್ಟರ್ ಇದ್ದರೆ, ಅನಲಾಗ್ ಇದ್ದರೆ, ವಾರ್ಡಿನಲ್ಲೇ ಇಂಜೆಕ್ಷನ್ ಕೊಡಬಹುದು. ಪಿಎಚ್ 7.15 ಆಗಿದ್ದರೆ? ಅಧ್ಯಯನಗಳು ಒಪ್ಪುತ್ತವೆ, ಆದರೆ ನಾನಾದರೆ ಡ್ರಿಪ್ ಕಡೆ ವಾಲುತ್ತೇನೆ, ಅಥವಾ ಎರಡು ಗಂಟೆಯಲ್ಲಿ ಸುಧಾರಿಸದಿದ್ದರೆ ಡ್ರಿಪ್‌ಗೆ ಬದಲಿಸಬೇಕು ಅಂತ ಮೊದಲೇ ಬರೆದಿಡುತ್ತೇನೆ. ಅದೇ ಹುಡುಗನಿಗೆ ನ್ಯುಮೋನಿಯಾ ಇದ್ದು ಬಿಪಿ 80 ಇದ್ದರೆ ಮಾತೇ ಇಲ್ಲ, ಡ್ರಿಪ್ ಮತ್ತು ಐಸಿಯು.

ಸುಧಾರಣೆ ಅಂದರೆ ಏನು? ಶುಗರ್ ಗಂಟೆಗೆ 50ರಿಂದ 75 ಇಳಿಯಬೇಕು. ರಕ್ತದ ಕೀಟೋನ್ ಅಳೆಯುವ ಮೀಟರ್ ಇದ್ದರೆ ಗಂಟೆಗೆ 0.5 ಇಳಿಯಬೇಕು, ಇಲ್ಲದಿದ್ದರೆ ಬೈಕಾರ್ಬನೇಟ್ ಗಂಟೆಗೆ 3 ಏರಬೇಕು. ಮೂತ್ರದ ಕೀಟೋನ್ ಪಟ್ಟಿಯನ್ನು ಇದಕ್ಕೆ ನಂಬಬೇಡಿ. ಅದು ತೋರಿಸುವುದು ಬೇರೆ ಕೀಟೋನ್. ರೋಗಿ ಚೇತರಿಸುತ್ತಿರುವಾಗಲೂ ಪಟ್ಟಿಯ ಬಣ್ಣ ಗಾಢವಾಗಬಹುದು.

ಶುಗರ್ 250ಕ್ಕೆ ಇಳಿದಾಗ ತುಂಬಾ ಕಡೆ ಇನ್ಸುಲಿನ್ ನಿಲ್ಲಿಸಿಬಿಡುತ್ತಾರೆ. ಅಲ್ಲೇ ಎಡವಟ್ಟು. ಆಗ ಮಾಡಬೇಕಾದದ್ದು ಡೆಕ್ಸ್‌ಟ್ರೋಸ್ ಸೇರಿಸುವುದು, ಇನ್ಸುಲಿನ್ ಅರ್ಧ ಮಾಡುವುದು: ಡ್ರಿಪ್ ಆದರೆ ಗಂಟೆಗೆ 0.05, ಇಂಜೆಕ್ಷನ್ ಆದರೆ ಎರಡು ಗಂಟೆಗೊಮ್ಮೆ 0.1. ಕೀಟೋನ್ 0.6ಕ್ಕಿಂತ ಕೆಳಗಿಳಿದು, ಪಿಎಚ್ 7.3 ಅಥವಾ ಬೈಕಾರ್ಬನೇಟ್ 18 ಮುಟ್ಟುವವರೆಗೆ ಹೀಗೇ ನಡೆಯಬೇಕು. ಆಮೇಲೆ ಊಟ ಸೇರಿದರೆ ಚರ್ಮದಡಿಯ ದೀರ್ಘ ಇನ್ಸುಲಿನ್ ಕೊಟ್ಟು, ಅದಾಗಿ ಒಂದೆರಡು ಗಂಟೆ ಕಳೆದ ಮೇಲೆ ಡ್ರಿಪ್ ತೆಗೆಯಬೇಕು. ಮೊದಲಿನಿಂದಲೇ ಇಂಜೆಕ್ಷನ್ ದಾರಿಯಲ್ಲಿ ಇದ್ದವರಿಗೆ ಈ ಬದಲಾವಣೆ ಸಲೀಸು.

ಮನೆಯವರು ಡಾಕ್ಟರನ್ನು ಏನು ಕೇಳಬಹುದು? ‘ಎಷ್ಟು ತೀವ್ರ ಇದೆ? ಪೊಟ್ಯಾಸಿಯಂ ಎಷ್ಟು ಬಂತು? ರಾತ್ರಿ ಗಂಟೆಗೊಮ್ಮೆ ನೋಡುತ್ತೀರಾ? ದಿನಾ ಹಾಕುವ ದೀರ್ಘ ಇನ್ಸುಲಿನ್ ಮುಂದುವರಿಸುತ್ತೀರಾ?’ ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಐಸಿಯು ಯಾಕೆ ಅಥವಾ ಯಾಕೆ ಬೇಡ ಅನ್ನುವುದು ತಾನಾಗೇ ಅರ್ಥವಾಗುತ್ತದೆ. ಬೇರೆ ಊರಿಗೆ ಕಳಿಸುತ್ತಿದ್ದಾರೆ ಅಂದರೆ ಚೀಟಿಯಲ್ಲಿ ಮೂರು ವಿಷಯ ಇದೆಯಾ ನೋಡಿಕೊಳ್ಳಿ: ಕೊನೆಯ ಇನ್ಸುಲಿನ್ ಯಾವುದು, ಎಷ್ಟು ಯುನಿಟ್ ಮತ್ತು ಎಷ್ಟು ಗಂಟೆಗೆ ಕೊಟ್ಟರು, ಎಷ್ಟು ಲೀಟರ್ ಸಲೈನ್ ಹೋಗಿದೆ, ಕೊನೆಯ ಪೊಟ್ಯಾಸಿಯಂ ಎಷ್ಟು. ಅದಿಲ್ಲದೆ ಹೋದರೆ ಮುಂದಿನ ಆಸ್ಪತ್ರೆಯವರು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.